ಏಲಿಯನ್: ಐಸೊಲೇಷನ್ – ಹೆದರಿಸೋದ್ರಲ್ಲಿ ಫಸ್ಟ್ ಕ್ಲಾಸ್, ಸೇವ್ ಮಾಡೋದ್ರಲ್ಲಿ ಫೇಲಾ?

ಶಿರಾಗೇಟ್ ನಿಶಾಚರ:
2014ರ ಗೇಮು, ಆಫರ್‌ನಲ್ಲಿ ಸಿಕ್ತು ಅಂತ ಈಗ ತಗೊಂಡೆ. ಮೊನ್ನೆ ರಾತ್ರಿ ಮುಗೀತು, 22 ಗಂಟೆ ಹಿಡೀತು. ಆಡದೇ ಇರೋರಿಗೆ ಕಥೆ ಇಷ್ಟು: 2137ನೇ ಇಸವಿ. ಅಮಾಂಡಾ ರಿಪ್ಲಿ ಅನ್ನೋ ಇಂಜಿನಿಯರ್‌ಳ ಅಮ್ಮ 15 ವರ್ಷದ ಹಿಂದೆ ಹಡಗಿನ ಸಮೇತ ಕಾಣೆ. ಆ ಹಡಗಿನ ರೆಕಾರ್ಡರ್ ಸೆವಾಸ್ಟೊಪೋಲ್ ಅನ್ನೋ ಬಾಹ್ಯಾಕಾಶ ನಿಲ್ದಾಣದಲ್ಲಿದೆ ಅಂತ ಹೋಗ್ತಾಳೆ. ನಿಲ್ದಾಣ ಅರ್ಧ ಪಾಳು, ಒಳಗೊಂದು ಏಲಿಯನ್. ಕೈಗೆ ಪಿಸ್ತೂಲ್ ಸಿಗುತ್ತೆ, ಪ್ರಯೋಜನ ಇಲ್ಲ. ಅದು ಸಾಯಲ್ಲ, ಸದ್ದು ಕೇಳಿ ನಿನ್ನ ಹತ್ರಾನೇ ಬರುತ್ತೆ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ಹೆದರಿಸೋ ಗೇಮ್ ಇಲ್ಲ. ತಕರಾರು ಒಂದೇ, ಉದ್ದ. ಹತ್ತನೇ ಮಿಷನ್ ಆದ್ಮೇಲೆ ಸ್ವಲ್ಪ ಹೊತ್ತು ಏಲಿಯನ್ನೇ ನಾಪತ್ತೆ, ಬರೀ ಆಂಡ್ರಾಯ್ಡ್ ಗೊಂಬೆಗಳ (ಮನುಷ್ಯರ ತರ ಇರೋ ರೋಬೋಗಳ) ಜೊತೆ ಗುದ್ದಾಟ. ಊಟ ಆಗಿ ಕೈ ತೊಳೆದ ಮೇಲೆ ಇನ್ನೊಂದ್ಸಲ ಎಲೆ ಹಾಕಿದ ಹಾಗೆ. ನೀವೇನಂತೀರಾ?

ತಟ್ಟೆಇಡ್ಲಿ:
ಮುಗಿಸಿದ್ಯಾ? ನಿಮ್ಮನೇಲಿ ಯುಪಿಎಸ್ ಇದೆ, ಮುಗಿಸ್ತೀಯ ಬಿಡು.

ನನ್ನ ಕಥೆ ಕೇಳು. ಈ ಗೇಮಲ್ಲಿ ಬೇಕಾದಾಗ ಸೇವ್ ಮಾಡೋಕಾಗಲ್ಲ. ಗೋಡೆ ಮೇಲೆ ಅಲ್ಲೊಂದು ಇಲ್ಲೊಂದು ಫೋನ್ ಪೆಟ್ಟಿಗೆ. ಅದಕ್ಕೆ ಕಾರ್ಡ್ ಹಾಕಬೇಕು, ಮೂರು ಲೈಟ್ ಒಂದೊಂದಾಗಿ ಹತ್ತಬೇಕು, ಆಮೇಲೆ ಸೇವ್. ಅಷ್ಟರಲ್ಲಿ ಏಲಿಯನ್ ಹಿಂದಿನಿಂದ ಬಂದು ಕೊಂದ್ರೂ ಕೊಂದೀತು. ಐದನೇ ಮಿಷನ್, ಆಸ್ಪತ್ರೆ ವಿಭಾಗ. ನಲವತ್ತು ನಿಮಿಷ ಮಂಚದ ಕೆಳಗೆ, ಬೀರು ಒಳಗೆ ತೆವಳಿ ತೆವಳಿ ಫೋನ್ ಕಣ್ಣಿಗೆ ಬಿತ್ತು. ಎರಡು ಹೆಜ್ಜೆ ಬಾಕಿ. ಕರೆಂಟ್ ಹೋಯ್ತು.

ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಕೊಂಡಿರೋ ಜಿಲ್ಲೆ ನಮ್ಮದು. ಇರಲಿ. ಅವತ್ತೇ ಅನ್‌ಇನ್‌ಸ್ಟಾಲ್ ಮಾಡ್ದೆ. ಆಡೋನ ಸಮಯಕ್ಕೆ ಮರ್ಯಾದೆ ಕೊಡದೇ ಇರೋ ಗೇಮಿಗೆ ನಾನ್ಯಾಕೆ ಮರ್ಯಾದೆ ಕೊಡಲಿ?

ಶಿರಾಗೇಟ್ ನಿಶಾಚರ:
ಕರೆಂಟ್ ಹೋಗಿದ್ದಕ್ಕೆ ಗೇಮ್ ಏನ್ ಮಾಡ್ಬೇಕು ಗುರು?

ತಟ್ಟೆಇಡ್ಲಿ:
ಆಟೋಸೇವ್ ಮಾಡ್ಬೇಕು! ಬೇರೆ ಎಲ್ಲಾ ಗೇಮೂ ಮಾಡುತ್ತೆ.

ಕೋಡುಬಳೆ ಕೋಡರ್:
ಆಟೋಸೇವ್ ಕೊಟ್ಟಿದ್ರೆ ಆ ನಲವತ್ತು ನಿಮಿಷ ನಿಂಗೆ ನೆನಪೇ ಇರ್ತಿರ್ಲಿಲ್ಲ. ಸತ್ರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗ್ತೀನಿ ಅಂತ ಗೊತ್ತಿದ್ರೆ ಏಲಿಯನ್ ಎದುರಿಗೇ ಓಡಿ ಹೋಗಿ ಏನಾಗುತ್ತೆ ನೋಡ್ತಿದ್ದೆ. ಕಳ್ಕೊಳ್ಳೋಕೆ ಏನಾದ್ರೂ ಇದ್ರೆ ತಾನೇ ಭಯ?

ಇನ್ನೊಂದು ವಿಷ್ಯ, ಈ ಏಲಿಯನ್ ಹೇಗೆ ಯೋಚಿಸುತ್ತೆ ಅನ್ನೋದು ನಮ್ಮ ಕಾಲೇಜ್ ಸೆಮಿನಾರಿಗೆ ನಾನು ತಗೊಂಡಿದ್ದ ಟಾಪಿಕ್. ಅದಕ್ಕೆ ಎರಡು ತಲೆ. ಮೇಲೊಬ್ಬ ಡೈರೆಕ್ಟರ್ (ಅದೂ ಗೇಮ್ ಒಳಗಿನ ಪ್ರೋಗ್ರಾಮೇ), ಅವನಿಗೆ ನೀನೆಲ್ಲಿದ್ದೀಯ ಅಂತ ಯಾವಾಗ್ಲೂ ಗೊತ್ತು. ಆದ್ರೆ ಏಲಿಯನ್‌ಗೆ ಪೂರ್ತಿ ಹೇಳಲ್ಲ, 'ಆ ಕಡೆ ಹುಡುಕು' ಅಂತ ಸುಳಿವು ಮಾತ್ರ ಬಿಡ್ತಾನೆ. ಉಳಿದಿದ್ದನ್ನ ಅದು ತನ್ನ ಕಣ್ಣು ಕಿವಿಯಿಂದಾನೇ ಕಂಡುಹಿಡೀಬೇಕು. ನಿನ್ನ ಮೇಲೆ ಒತ್ತಡ ಜಾಸ್ತಿ ಆಯ್ತು ಅನ್ನಿಸಿದ್ರೆ ಅದೇ ಡೈರೆಕ್ಟರ್ ಅದನ್ನ ಮೇಲಿನ ಗಾಳಿ ಕೊಳವೆ ಒಳಗೆ ಕಳಿಸಿಬಿಡ್ತಾನೆ, ನೀನು ಉಸಿರು ಬಿಡ್ಲಿ ಅಂತ. ಆಟ ಮುಂದುವರಿದ ಹಾಗೆ ಅದರ ಹೊಸ ಹೊಸ ವರ್ತನೆಗಳು ಬಿಚ್ಕೊಳ್ತಾ ಹೋಗುತ್ತೆ. ಬೆಂಕಿ ಉಗುಳೋ ಫ್ಲೇಮ್‌ಥ್ರೋವರ್‌ಗೆ ಮೊದಮೊದಲು ಓಡಿ ಹೋಗುತ್ತೆ, ಆಮೇಲಾಮೇಲೆ ದೂರ ನಿಂತು ಕಾಯೋಕೆ ಶುರು ಮಾಡುತ್ತೆ. ಅದನ್ನ ಮೊದಲ ಸಲ ನೋಡಿದಾಗ ಕೈ ತಣ್ಣಗಾಯ್ತು ನಂಗೆ.

ಹೋಲಿಕೆಗೆ, ಈ ಗೇಮನ್ನ ಹೊರತಂದ ಸೇಗಾ ಕಂಪನಿಯೇ ಅದರ ಹಿಂದಿನ ವರ್ಷ 2013ರಲ್ಲಿ ತಂದ ಏಲಿಯನ್ಸ್: ಕಲೋನಿಯಲ್ ಮೆರೀನ್ಸ್ ನೋಡಿ. ಅದರ ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಟೆದರ್' ಅನ್ನೋ ಪದಕ್ಕೆ ಒಂದಕ್ಷರ ಜಾಸ್ತಿ ಬಿದ್ದಿತ್ತು. ಅದನ್ನ ಅಳಿಸಿದ್ರೆ ಏಲಿಯನ್‌ಗಳು ಸ್ವಲ್ಪ ಬುದ್ಧಿವಂತರಾಗ್ತಾವೆ ಅಂತ 2018ರಲ್ಲಿ ಸುದ್ದಿಯಾಯ್ತು. ಐದು ವರ್ಷ ಒಂದಕ್ಷರದ ತಪ್ಪು!

ಗುಬ್ಬಿ ತೋಟದವನು:
ಡೈರೆಕ್ಟರ್ ವಿಷ್ಯ ನಂಗೆ ಗೊತ್ತಿರ್ಲಿಲ್ಲ. ಆದ್ರೆ ಆ ಭಯ ಗೊತ್ತು.

ನಮ್ಮ ಕಡೆ ತೋಟಗಳಲ್ಲಿ ಚಿರತೆ ಕಾಟ ಇದೆ, ಪೇಪರ್ ಓದೋರಿಗೆ ಹೇಳ್ಬೇಕಾಗಿಲ್ಲ. ಒಂದ್ಸಲ ದೂರದಿಂದ ನೋಡಿದೀನಿ, ಬದು ದಾಟಿ ಹೋಯ್ತು, ಅಷ್ಟೇ. ಅವತ್ತು ಅಷ್ಟೇನೂ ಹೆದರಿಕೆ ಆಗ್ಲಿಲ್ಲ, ಎಲ್ಲಿದೆ ಅಂತ ಕಾಣ್ತಿತ್ತಲ್ಲ. ಹೆದರಿದ್ದು ಇನ್ನೊಂದಿನ. ರಾತ್ರಿ ಮೋಟ್ರು ಹಾಕೋಕೆ ಹೋದಾಗ ಹಸಿ ಮಣ್ಣಲ್ಲಿ ಹೆಜ್ಜೆ ಗುರುತು, ಅದರಲ್ಲಿ ಇನ್ನೂ ನೀರು ತುಂಬಿರಲಿಲ್ಲ. ಮನೆವರೆಗೆ ಇನ್ನೂರು ಮೀಟ್ರು. ಒಣಗಿದ ತೆಂಗಿನ ಗರಿ ಒಂದು ಅಲ್ಲಾಡಿದ್ರೂ ನಿಂತುಬಿಡ್ತಿದ್ದೆ.

ಈ ಗೇಮಲ್ಲಿ ಮೋಷನ್ ಟ್ರ್ಯಾಕರ್ (ಹತ್ರ ಏನಾದ್ರೂ ಅಲ್ಲಾಡಿದ್ರೆ ತೋರಿಸೋ ಕೈಯಂತ್ರ) ಬೀಪ್ ಅಂದಾಗಲೆಲ್ಲ ಆ ಇನ್ನೂರು ಮೀಟ್ರೇ ನೆನಪಾಗೋದು. ಟ್ರ್ಯಾಕರ್ ಎತ್ತಿ ಹಿಡಿದ್ರೆ ಎದುರಿನ ಕಾರಿಡಾರ್ ಮಸುಕು, ಕಾರಿಡಾರ್ ನೋಡಿದ್ರೆ ಟ್ರ್ಯಾಕರ್ ಮಸುಕು. ಟಾರ್ಚ್ ನೆಲಕ್ಕೆ ಬಿಡ್ಬೇಕಾ ಮರದ ಕಡೆ ಬಿಡ್ಬೇಕಾ ಅನ್ನೋ ಗೊಂದಲ ಇದೆಯಲ್ಲ, ಡಿಟ್ಟೋ.

ತಟ್ಟೆಇಡ್ಲಿ:
ಚಿರತೆ ಮುಂದೆ ನಿಂಗೂ ಸೇವ್ ಇರ್ಲಿಲ್ಲ, ಒಪ್ಪಿದೆ 😄 ಆದ್ರೆ ಅದು ಜೀವನ, ಇದು ಸಾವಿರಾರು ರೂಪಾಯಿ ಕೊಟ್ಟು ತಗೊಂಡಿದ್ದು.

ಶಿರಾಗೇಟ್ ನಿಶಾಚರ:
ಆಫರ್‌ನಲ್ಲಿ ತಗೋ ಅಂದೆ ತಾನೇ.

ಅಕ್ಕ ಆಡ್ತಾಳೆ:
ನಾನು ಆಡಿದ್ದು ಮೊಬೈಲಲ್ಲಿ (2021ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ಗೂ ಐಫೋನ್‌ಗೂ ಬಂತು). ಬ್ಯಾಟರಿ ಇರೋದ್ರಿಂದ ಕರೆಂಟ್ ಚಿಂತೆ ಇಲ್ಲ. ತಟ್ಟೆಇಡ್ಲಿ ಅವರೇ, ನೋಟ್ ಮಾಡ್ಕೊಳ್ಳಿ. ಇಯರ್‌ಫೋನ್ ಮಾತ್ರ ಬೇಕೇ ಬೇಕು, ಅರ್ಧ ಗೇಮ್ ಕಿವೀಲೇ ಇರೋದು. ಮೇಲಿನ ಕೊಳವೇಲಿ ಓಡಾಡ್ತಿದೆಯಾ, ಕೆಳಗಿಳೀತಾ, ಎಲ್ಲಾ ಸದ್ದಿನಲ್ಲೇ ಗೊತ್ತಾಗುತ್ತೆ.

ಎಲ್ಲರೂ ಏಲಿಯನ್ ಏಲಿಯನ್ ಅಂತೀರಿ, ನಂಗೆ ನಿಜವಾಗಿ ಹೆದರಿಕೆ ಆಗಿದ್ದು ವರ್ಕಿಂಗ್ ಜೋಗಳಿಗೆ, ಅದೇ ನಿಶಾಚರ ಹೇಳಿದ ಆಂಡ್ರಾಯ್ಡ್ ಗೊಂಬೆಗಳಿಗೆ. ರಬ್ಬರ್ ಮುಖ, ಹೊಳೆಯೋ ಕಣ್ಣು. ಕುತ್ತಿಗೆ ಹಿಸುಕ್ತಾ ಇದ್ರೂ ದನಿ ಕಸ್ಟಮರ್ ಕೇರ್ ತರ ನಯ. ಓಡೋದೂ ಇಲ್ಲ, ನಡೀತಾನೇ ಬರ್ತಾವೆ. ಹಾಗಾಗಿ ಆ ಭಾಗ ಬೋರು ಅನ್ನೋದನ್ನ ನಾನು ಒಪ್ಪಲ್ಲ.

ನಂಗೆ ಬೋರಾಗಿದ್ದು ಜನ. ಅಮಾಂಡಾ ಅಮ್ಮನ್ನ ಹುಡುಕಿ ಬಂದವಳು, ಎಷ್ಟೊಂದು ಸಂಕಟ ಇರ್ಬೇಕಿತ್ತು. ಆದ್ರೆ ರೇಡಿಯೋದಲ್ಲಿ ಒಬ್ಬ ಲಿವರ್ ಎಳಿ ಅಂತಾನೆ, ಎಳೀತಾಳೆ. ಇನ್ನೊಬ್ಬ ಜನರೇಟರ್ ಹಾಕು ಅಂತಾನೆ, ಹಾಕ್ತಾಳೆ. ನಮ್ಮೂರ ವಾಟರ್‌ಮ್ಯಾನ್ ಕೂಡ ಇಷ್ಟು ವಾಲ್ವ್ ತಿರುಗಿಸಲ್ಲ.

ಕೋಡುಬಳೆ ಕೋಡರ್:
ವಾಟರ್‌ಮ್ಯಾನ್ 😂😂 ಅದು ನಿಜ, ಅಕ್ಕ. ಆದ್ರೆ ಆ ಲಿವರ್‌ಗಳನ್ನ ನೋಡಿ ಒಂದ್ಸಲ. ಈ ಗೇಮಿಗೆ ಮೂಲವಾದ 1979ರ 'ಏಲಿಯನ್' ಸಿನಿಮಾದವರು ಭವಿಷ್ಯ ಹೇಗಿರುತ್ತೆ ಅಂದ್ಕೊಂಡಿದ್ರೋ ಹಾಗೇ ಇದೆ, ದಪ್ಪ ಟಿವಿ, ದಪ್ಪ ಬಟನ್ನು, ಟೇಪು. ಆ ಸಿನಿಮಾದ ಫಾಕ್ಸ್ ಸ್ಟುಡಿಯೋ ತನ್ನ ಸಂಗ್ರಹದಿಂದ ಮೂರು ಟೆರಾಬೈಟ್ ಸಾಮಗ್ರಿ ಕೊಟ್ಟಿತ್ತು. ಪರದೆ ಮೇಲಿನ ಗೆರೆ, ನಡುಕ ಎಲ್ಲ ಕಂಪ್ಯೂಟರ್ ಎಫೆಕ್ಟ್ ಅಲ್ಲ. ವಿಎಚ್ಎಸ್ ಟೇಪಿಗೆ ರೆಕಾರ್ಡ್ ಮಾಡಿ, ಬೇಕಂತ ಕೆಡಿಸಿ, ಮತ್ತೆ ಗೇಮಿಗೆ ತಂದಿದ್ದು. ಇದನ್ನೆಲ್ಲ ಮಾಡಿದ್ದು ಕ್ರಿಯೇಟಿವ್ ಅಸೆಂಬ್ಲಿ, ಅಲ್ಲೀವರೆಗೆ ಟೋಟಲ್ ವಾರ್ ಅಂತ ಸೈನ್ಯ ನಡೆಸೋ ಗೇಮ್‌ಗಳಿಗೆ ಹೆಸರಾಗಿದ್ದವರು.

ಶಿರಾಗೇಟ್ ನಿಶಾಚರ:
ವಿಮರ್ಶಕರೂ ನಮ್ಮ ಹಾಗೇ ಕಿತ್ತಾಡಿದ್ರು. ಪಿಸಿ ಗೇಮರ್ ನೂರಕ್ಕೆ 93 ಕೊಡ್ತು, ಐಜಿಎನ್ ಹತ್ತಕ್ಕೆ 5.9. ಒಂದೇ ಗೇಮಿಗೆ!

ತಟ್ಟೆಇಡ್ಲಿ:
ನಾನು ಐಜಿಎನ್ ಪಾರ್ಟಿ.

ಗುಬ್ಬಿ ತೋಟದವನು:
ಉದ್ದದ ವಿಷ್ಯದಲ್ಲಿ ನಾನು ನಿಶಾಚರನ ಕಡೆ. ಹನ್ನೆರಡು ಗಂಟೇಲಿ ಮುಗಿದಿದ್ರೆ ಸಾಕಿತ್ತು. ಚಿರತೆ ದಿನಾ ಬಂದ್ರೆ ಅದಕ್ಕೂ ಒಗ್ಗಿಕೊಂಡು ಬಿಡ್ತೀವಿ, ಹಾಗೇ ಆಯ್ತು. ಕೊನೆಕೊನೆಗೆ ಸತ್ರೆ ಭಯ ಅಲ್ಲ, 'ಅಯ್ಯೋ ಮತ್ತೆ ಅಲ್ಲಿಂದಾನಾ' ಅನ್ನೋ ಸುಸ್ತು. ಸೇವ್ ಪೆಟ್ಟಿಗೆ ಮೊದಲರ್ಧದಲ್ಲಿ ಶಕ್ತಿ, ಎರಡನೇ ಅರ್ಧದಲ್ಲಿ ಶಿಕ್ಷೆ. ತಟ್ಟೆಇಡ್ಲಿ ಸಿಟ್ಟು ಪೂರ್ತಿ ಸುಳ್ಳಲ್ಲ.

ಅಕ್ಕ ಆಡ್ತಾಳೆ:
ಇದು ಸರಿ. ಮುಂದಿನ ಭಾಗ ಬರುತ್ತೆ ಅಂತ 2024ರ ಅಕ್ಟೋಬರ್‌ನಲ್ಲಿ, ಹತ್ತು ವರ್ಷ ತುಂಬಿದ ದಿನ ಹೇಳಿದಾರೆ. ಅದರಲ್ಲಿ ಕತ್ತರಿ ಹಾಕಲಿ.

ಕೋಡುಬಳೆ ಕೋಡರ್:
ಕತ್ತರಿ ಹಾಕಲಿ, ಆದ್ರೆ ಫೋನ್ ಪೆಟ್ಟಿಗೆಗೆ ಮಾತ್ರ ಕೈ ಹಚ್ಚೋದು ಬೇಡ. ತಟ್ಟೆಇಡ್ಲಿ, ನಮ್ಮನೇಲಿ ಹಳೇ ಯುಪಿಎಸ್ ಒಂದಿದೆ, ಹದಿನೈದು ನಿಮಿಷ ಎಳೆಯುತ್ತೆ. ತಗೊಂಡ್ಹೋಗಿ ಇನ್ನೊಂದ್ಸಲ ಆಡು.

ತಟ್ಟೆಇಡ್ಲಿ (ಮೂರು ದಿನ ಬಿಟ್ಟು):
ತಗೊಂಡ್ಬಂದೆ, ಆಡ್ದೆ. ಅದೇ ಆಸ್ಪತ್ರೆ, ಅದೇ ಫೋನು. ಈ ಸಲ ಮುಟ್ಟಿದೆ. ಕಾರ್ಡ್ ಹಾಕ್ದೆ, ಒಂದು ಲೈಟ್ ಬಂತು, ಎರಡನೇದೂ ಬಂತು. ಕರೆಂಟ್ ಇತ್ತು. ಕೆಳಗೆ ನೋಡಿದ್ರೆ ಹೊಟ್ಟೆಯಿಂದ ಬಾಲ ಆಚೆ ಬಂದಿತ್ತು.

ಯುಪಿಎಸ್ ಇನ್ನೊಂದು ವಾರ ನಮ್ಮನೇಲೇ ಇರ್ಲಿ.