ಪ್ರೋಗ್ರಾಮಿಂಗ್ ಭಾಷೆಗಳ ಪ್ರೊಫೆಸರ್ ಆಗೋಕೆ ಹೊಸ ಭಾಷೆ ಕಟ್ಟಲೇಬೇಕಾ?

ಪ್ರಶ್ನೆ:
ಎಂ.ಟೆಕ್ ಕೊನೇ ಸೆಮಿಸ್ಟರ್. ಪಿಎಚ್‌ಡಿಗೆ ಪ್ರೋಗ್ರಾಮಿಂಗ್ ಭಾಷೆಗಳನ್ನೇ ತಗೊಳ್ಳಬೇಕು ಅಂತಿದೆ. ಮುಂದೆ ಪ್ರೊಫೆಸರ್ ಆಗೋಕೆ ಸ್ವಂತದ್ದೊಂದು ಭಾಷೆ ಕಟ್ಟಿ ಹೆಸರು ಮಾಡಲೇಬೇಕಾ? ಈಗಿಂದ ಏನು ತಯಾರಿ ಬೇಕು?

ಉತ್ತರ 1:
ಕಟ್ಟಲೇಬೇಕು ಅಂತೇನಿಲ್ಲ. ಕಟ್ಟಿದವರ ದಾರಿಯೂ ಎಷ್ಟು ಉದ್ದ ನೋಡಿ. ಸ್ಕಾಲಾ ಭಾಷೆ ಕಟ್ಟಿದ ಮಾರ್ಟಿನ್ ಒಡರ್ಸ್ಕಿ ಪಿಎಚ್‌ಡಿ ಮುಗಿಸಿದ್ದು 1989ರಲ್ಲಿ, ಜೂರಿಕ್‌ನ ಇಟಿಎಚ್‌ನಲ್ಲಿ, ನಿಕ್ಲಾಸ್ ವಿರ್ತ್ ಅವರ ಬಳಿ. ಆಮೇಲೆ ಫಿಲಿಪ್ ವಾಡ್ಲರ್ ಜೊತೆ ಜಾವಾವನ್ನು ಹಿಗ್ಗಿಸಿದ ಪಿಜ್ಜಾ ಅನ್ನೋ ಭಾಷೆ, ಅದರ ಬೆನ್ನಿಗೇ ಜಿಜೆ (ಜೆನೆರಿಕ್ ಜಾವಾ). 2004ರಲ್ಲಿ ಜಾವಾ 5ಕ್ಕೆ ಜೆನೆರಿಕ್ಸ್ (ಒಂದೇ ಕೋಡ್ ಬೇರೆ ಬೇರೆ ಟೈಪುಗಳಿಗೆ ಸಲ್ಲುವ ಸೌಲಭ್ಯ) ಬಂದದ್ದು ಈ ದಾರಿಯಲ್ಲೇ. ಹಳೇ ಕೋಡ್ ಕೆಡಬಾರದಿತ್ತು. ಅದಕ್ಕೇ ಕಂಪೈಲರ್ ಜೆನೆರಿಕ್ ಟೈಪ್ ಪರೀಕ್ಷಿಸಿ, ಆಮೇಲೆ ಅಳಿಸಿಹಾಕುತ್ತದೆ. ಟೈಪ್ ಪ್ಯಾರಾಮೀಟರಿನ (ಯಾವ ಟೈಪ್ ಅಂತ ಆಮೇಲೆ ತುಂಬುವ ಹೆಸರಿನ) ಅರೇಯನ್ನು ಜಾವಾದಲ್ಲಿ ನೇರ ಸೃಷ್ಟಿಸಲಾಗದ್ದು ಇದರಿಂದಲೇ. ಅರೇಗೆ ರನ್‌ಟೈಮಿನಲ್ಲಿ ತನ್ನೊಳಗಿನ ಟೈಪ್ ಗೊತ್ತಿರಬೇಕು, ಅದೋ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಲೋಸಾನ್‌ನ ಇಪಿಎಫ್‌ಎಲ್‌ನಲ್ಲಿ ಸ್ಕಾಲಾ ಶುರುವಾದದ್ದು 2001ರಲ್ಲಿ. ಸ್ಕಾಲಾ 3 ಬಂದದ್ದು 2021ರಲ್ಲಿ.

ಉತ್ತರ 2:
ಇರುವ ಭಾಷೆಯನ್ನು ರಿಪೇರಿ ಮಾಡುವುದೂ ಪೂರ್ತಿ ಒಂದು ವೃತ್ತಿ. ಐಐಟಿ ಮದ್ರಾಸಿನ ಕೆ.ಸಿ. ಶಿವರಾಮಕೃಷ್ಣನ್ ಮತ್ತು ಸಂಗಡಿಗರು ಒಕ್ಯಾಮಲ್ ಭಾಷೆಗೆ ಮಲ್ಟಿಕೋರ್ (ಹಲವು ಕೋರ್‌ಗಳಲ್ಲಿ ಒಟ್ಟಿಗೆ ಓಡುವ ಸಾಮರ್ಥ್ಯ) ತಂದರು, ಅದು 2022ರ ಡಿಸೆಂಬರಿನಲ್ಲಿ 5.0 ಆಗಿ ಹೊರಬಂತು. ಒಂದೇ ಕೋರ್‌ನಲ್ಲಿ ಓಡುವ ಹಳೇ ಪ್ರೋಗ್ರಾಮುಗಳು ನಿಧಾನವಾಗದಂತೆ ಗಾರ್ಬೇಜ್ ಕಲೆಕ್ಟರನ್ನು (ಬೇಡವಾದ ಮೆಮೊರಿ ತೆರವು ಮಾಡುವ ಭಾಗ) ಬದಲಿಸಬೇಕಿತ್ತು. ನನ್ನ ಲೆಕ್ಕದಲ್ಲಿ ಹೊಸ ಭಾಷೆ ಕಟ್ಟುವುದಕ್ಕಿಂತ ಇದು ಕಷ್ಟ. ಬೆಂಗಳೂರಲ್ಲೇ ಬೇಕೆಂದರೆ ಐಐಎಸ್‌ಸಿಯ ಸಿಎಸ್‌ಎ (ಕಂಪ್ಯೂಟರ್ ಸೈನ್ಸ್) ವಿಭಾಗ ನೋಡಿ, ಅಲ್ಲಿ ಉದಯ್ ಬೊಂಡುಗುಲ ಅವರ ಕೆಲಸ ಲೂಪುಗಳ ಆಪ್ಟಿಮೈಸೇಶನ್ ಮೇಲೆ.

ಉತ್ತರ 3:
ತಯಾರಿ ಬಗ್ಗೆ. ಮೊದಲು ಸಿಂಪ್ಲಿ ಟೈಪ್ಡ್ ಲ್ಯಾಂಬ್ಡಾ ಕ್ಯಾಲ್ಕುಲಸ್‌ಗೆ (ಫಂಕ್ಷನ್‌ಗಳನ್ನೇ ಆಧರಿಸಿದ, ಟೈಪ್ ಇರುವ ಪುಟ್ಟ ಭಾಷೆ) ಒಂದು ಇಂಟರ್‌ಪ್ರಿಟರ್, ಒಂದು ಟೈಪ್ ಚೆಕರ್ ಬರೆಯಿರಿ, ಒಕ್ಯಾಮಲ್ ಸಾಕು. ಎಲ್ಲರೂ ಎಡವುವುದು ಸಬ್‌ಸ್ಟಿಟ್ಯೂಷನ್‌ನಲ್ಲಿ: ಎಕ್ಸ್ ಜಾಗಕ್ಕೆ ಹೊರಗಿನ ವೈ ಹಾಕುತ್ತೀರಿ, ಒಳಗಿನ ಲ್ಯಾಂಬ್ಡಾದ (ಹೆಸರಿಲ್ಲದ ಫಂಕ್ಷನ್) ಪ್ಯಾರಾಮೀಟರಿನ ಹೆಸರೂ ವೈ ಆಗಿದ್ದರೆ ಅದು ಹೊರಗಿನದನ್ನು ನುಂಗಿಬಿಡುತ್ತದೆ. ಒಳಗಿನ ಹೆಸರು ಬದಲಿಸಿ, ಇಲ್ಲವೇ ಹೆಸರಿನ ಬದಲು ಡಿ ಬ್ರೌನ್ ಸಂಖ್ಯೆ (ಎಷ್ಟನೇ ಹೊರಗಿನ ಲ್ಯಾಂಬ್ಡಾದ್ದು ಅಂತ ಎಣಿಸುವ ಸಂಖ್ಯೆ) ಬಳಸಿ.

ಆಮೇಲೆ ಪ್ರೋಗ್ರೆಸ್ (ಟೈಪ್ ಸರಿಯಿದ್ದ ಪ್ರೋಗ್ರಾಂ ನಡುವೆ ಸಿಕ್ಕಿಬೀಳದು), ಪ್ರಿಸರ್ವೇಶನ್ (ಓಡುವಾಗ ಅದರ ಟೈಪ್ ಬದಲಾಗದು) ಎರಡನ್ನೂ ಸಾಧನೆಗಳನ್ನು ಪರೀಕ್ಷಿಸುವ ರಾಕ್‌ ತಂತ್ರಾಂಶದಲ್ಲಿ (ಹಳೇ ಹೆಸರು ಕಾಕ್) ಸಾಧಿಸಿ. ಸಬ್‌ಸ್ಟಿಟ್ಯೂಷನ್ ಲೆಮ್ಮಾದಲ್ಲಿ ಕಾಂಟೆಕ್ಸ್ಟನ್ನು (ಯಾವ ಹೆಸರಿಗೆ ಯಾವ ಟೈಪ್ ಅನ್ನೋ ಪಟ್ಟಿ) ಜನರಲೈಸ್ ಮಾಡದೆ, ಅಂದರೆ ಯಾವ ಕಾಂಟೆಕ್ಸ್ಟಿಗೂ ಸಲ್ಲುವಂತೆ ಇಡದೆ, ಇಂಡಕ್ಷನ್‌ಗೆ ಇಳಿದರೆ ಲ್ಯಾಂಬ್ಡಾ ಕೇಸಿನಲ್ಲಿ ಸಿಕ್ಕಿಬೀಳುತ್ತೀರಿ. ಅಲ್ಲಿ ಕಾಂಟೆಕ್ಸ್ಟ್ ಬೆಳೆದಿರುತ್ತದೆ, ಕೈಯಲ್ಲಿರುವ ಹೈಪಾಥಿಸಿಸ್ ಹಳೇ ಕಾಂಟೆಕ್ಸ್ಟಿನದ್ದು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಪಾಪಲ್, ಪಿಎಲ್‌ಡಿಐ ಸಮ್ಮೇಳನಗಳಲ್ಲಿ ಪೇಪರ್ ಜೊತೆ ಕೋಡನ್ನೂ ಕೊಡಬೇಕಾ?

ಉತ್ತರ 3:
ಕಡ್ಡಾಯವಲ್ಲ, ಆದರೂ ಕೊಡಿ. ಪೇಪರ್ ಒಪ್ಪಿಗೆಯಾದ ಮೇಲೆ ಬೇರೆ ಸಮಿತಿ ಕೋಡನ್ನು ಓಡಿಸಿ ನೋಡುತ್ತದೆ. ಲೈಬ್ರರಿ ವರ್ಶನ್ ಬದಲಾಗಿ ಬಿಲ್ಡ್ ಮುರಿಯುವುದೇ ಹೆಚ್ಚು. ಡಾಕರ್ ಇಮೇಜ್ (ಕೋಡ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳೆಲ್ಲ ಸೇರಿದ ಕಟ್ಟು) ಕಟ್ಟಿ, ವರ್ಶನ್‌ಗಳನ್ನು ನಿಗದಿಮಾಡಿ, 30 ನಿಮಿಷದೊಳಗೆ ಮುಗಿಯುವ ಚಿಕ್ಕ ಪರೀಕ್ಷೆ ಇಡಿ. ಕಳಿಸುವ ಮುಂಚೆ ಬೇರೆಯವರ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಓಡಿಸಿ.