ಕ್ರೋಶಾ ಮಂಡಲದ ಅಂಚು ನೆರಿಗೆಯಾಗುತ್ತಿದೆ, ರಿಂಗಿಗೆ ಕೂರಿಸುವುದು ಹೇಗೆ?

ಕುಚ್ಚಿನಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಸೀರೆಗೆ ಕುಚ್ಚು ಹಾಕುವವಳು. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಶಾ ಕುಚ್ಚು ಎಲ್ಲಾ ಮಾಡುತ್ತೇನೆ. ಮದುವೆ ಸೀಸನ್‌ನಲ್ಲಿ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಆಷಾಢ ಬಂತೆಂದರೆ ಸೀರೆ ಬರುವುದೇ ಕಡಿಮೆ. ಈ ಆಷಾಢದಲ್ಲಿ ಮಾತ್ರ ಬೇರೆ ಥರದ ಆರ್ಡರ್ ಬಂದಿದೆ. ನಮ್ಮ ಖಾಯಂ ಗಿರಾಕಿಯೊಬ್ಬರು ಶ್ರಾವಣದಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದಾರೆ. ಹಾಲ್‌ನ ಗೋಡೆಗೆ ತೂಗು ಹಾಕಲು, ರಿಂಗಿನೊಳಗೆ ಬಿಗಿದು ಕೂರಿಸಿದ ಮಂಡಲ ಬೇಕಂತೆ. "ನಿಮ್ಮ ಕೈ ನೋಡಿದ್ದೀನಿ, ನೀವೇ ಮಾಡಿಕೊಡಿ" ಅಂದರು. ಒಪ್ಪಿಕೊಂಡೆ.

ದಾರ 4 ಪ್ಲೈ ಹತ್ತಿಯದು. ಬಣ್ಣ ಅರಿಶಿನ, ಮೆರೂನ್, ಹಾಲುಬಿಳಿ. ಕ್ರೋಶಾ ಕಡ್ಡಿ 2.5 ಎಂಎಂ. ಚಿಹ್ನೆಗಳಿರುವ ಚಾರ್ಟ್ ನೋಡಿ ಹಾಕುತ್ತಿದ್ದೇನೆ, 12 ದಳದ್ದು. ಮೊದಲ ಸುತ್ತಿಗೆ 12 ಕಂಬ (ಉದ್ದನೆಯ ಹೊಲಿಗೆ, ಡಬಲ್ ಕ್ರೋಶಾ), ಎರಡನೆಯದಕ್ಕೆ 24, ಮೂರನೆಯದಕ್ಕೆ 36, ಹೀಗೇ ಸುತ್ತಿಗೆ 12 ಜಾಸ್ತಿ. 5ನೇ ಸುತ್ತಿನವರೆಗೆ ಚೆನ್ನಾಗಿ ಚಪ್ಪಟೆಯಾಗಿ ಇತ್ತು. 7ನೇ ಸುತ್ತು, 84 ಕಂಬ ಮುಗಿಯುವಷ್ಟರಲ್ಲಿ ಅಂಚು ಲಂಗದ ಝಾಲರಿ ಥರ ಅಲೆಅಲೆಯಾಗಿದೆ. ಎಣಿಕೆ ಸರಿ ಇದೆ. ನಮ್ಮ ಮಗಳ ಕೈಲೂ ಎಣಿಸಿಸಿದೆ, 84 ಅಂದರೆ 84.

ಇದನ್ನು ಬಿಚ್ಚಲೇಬೇಕಾ? ರಿಂಗ್ 10 ಇಂಚಿನದು ತಂದಿದ್ದೇನೆ, ಕಬ್ಬಿಣದ್ದಕ್ಕೆ ಬಂಗಾರದ ಬಣ್ಣ ಹಾಕಿದ್ದು. ಮಂಡಲ ಅದರಷ್ಟೇ ದೊಡ್ಡದು ಮಾಡಬೇಕೋ, ಚಿಕ್ಕದೋ? ಇನ್ನೊಂದು, ನನ್ನ ಹತ್ತಿರ ಕುಚ್ಚಿನ ರೇಷ್ಮೆ ದಾರ ಡಬ್ಬಿಗಟ್ಟಲೆ ಇದೆ. ಕೊನೆಯ ಸುತ್ತುಗಳಿಗೆ ಅದನ್ನು ಹಾಕಿದರೆ ಹೊಳಪು ಬರುತ್ತದಲ್ವಾ?

ಶಾರ್ಟ್‌ಕಟ್ ಸ್ವಾಮಿ

ಅಕ್ಕಾ, ಇಷ್ಟೆಲ್ಲ ಯಾಕೆ ತಲೆಬಿಸಿ? ಆಂಧ್ರದ ನರಸಾಪುರದ ಕಡೆಯ ಕ್ರೋಶಾ ಲೇಸು ದುಂಡಗಿನದು ರೆಡಿ ಸಿಗುತ್ತದೆ. ತಂದು ರಿಂಗಿಗೆ ಕಟ್ಟಿಬಿಡಿ. ಯಾರಿಗೆ ಗೊತ್ತಾಗುತ್ತದೆ?

ಕುಚ್ಚಿನಕ್ಕ, ದಾವಣಗೆರೆ

ನನಗೆ ಗೊತ್ತಾಗುತ್ತದೆ ಸ್ವಾಮಿ. ಆ ಲೇಸು ಹಾಕಿದ ಹೆಂಗಸರ ಕೆಲಸಕ್ಕೆ ನನ್ನ ಹೆಸರು ಹಾಕಿಕೊಳ್ಳಲಾ? ಬೇಡ.

ಹೊಸ ಕಡ್ಡಿ

ಕಡ್ಡಿ ಬದಲಿಸಿ ನೋಡಿ. 3 ಎಂಎಂ ತಗೊಂಡರೆ ಸರಿಹೋಗಬಹುದು.

ಲೆಕ್ಕದ ಟೀಚರ್, ಮೈಸೂರು

ಬಿಚ್ಚಬೇಡಿ, ಕಡ್ಡಿಯನ್ನೂ ಬದಲಿಸಬೇಡಿ. ಮೊದಲು ಒಂದು ಕೆಲಸ ಮಾಡಿ. ಅದೇ ದಾರ, ಅದೇ ಕಡ್ಡಿಯಲ್ಲಿ 15 ಕಂಬ ಅಗಲದ ನೇರ ಪಟ್ಟಿ ಹಾಕಿ, 10 ಸಾಲು ಬರಲಿ. ಎಳೆಯದೆ ಮೇಜಿನ ಮೇಲಿಟ್ಟು, ನಡುವಿನ 10 ಕಂಬದ ಅಗಲ ಎಷ್ಟು ಸೆಂಟಿಮೀಟರ್, 10 ಸಾಲಿನ ಎತ್ತರ ಎಷ್ಟು ಎಂದು ಅಳೆದು ಇಲ್ಲಿ ಬರೆಯಿರಿ. ಟೈಲರ್ ಟೇಪ್ ಹಳೆಯದಾದರೆ ಜಗ್ಗಿರುತ್ತದೆ, ಮಕ್ಕಳ ಸ್ಕೇಲ್ ತಗೊಳ್ಳಿ.

ನಾನು ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲಿನಲ್ಲಿ ವೃತ್ತದ ಪಾಠ ಮಾಡಿದವಳು. ಕ್ರೋಶಾ ಮಾಡುವವರಿಗೆ ಆ ಪಾಠ ಎಷ್ಟು ಬೇಕು ಎಂದು ರಿಟೈರ್ ಆಗಿ ಕಡ್ಡಿ ಹಿಡಿದ ಮೇಲೆ ಗೊತ್ತಾಯಿತು.

ಕುಚ್ಚಿನಕ್ಕ, ದಾವಣಗೆರೆ

ಟೀಚರ್, ಅಳೆದೆ. 10 ಕಂಬದ ಅಗಲ 4.5 ಸೆಂ.ಮೀ. 10 ಸಾಲಿನ ಎತ್ತರ 7.4 ಸೆಂ.ಮೀ.

ಲೆಕ್ಕದ ಟೀಚರ್, ಮೈಸೂರು

ಅಲ್ಲೇ ಇದೆ ನೋಡಿ ಉತ್ತರ. ನಿಮ್ಮ ಒಂದು ಕಂಬದ ಅಗಲ 0.45, ಎತ್ತರ 0.74. ಈಗ ಯೋಚಿಸಿ. ಒಂದು ಸುತ್ತು ಹಾಕಿದಾಗ ವೃತ್ತದ ತ್ರಿಜ್ಯ ಒಂದು ಕಂಬದ ಎತ್ತರದಷ್ಟು ಬೆಳೆಯುತ್ತದೆ. ತ್ರಿಜ್ಯ ಅಷ್ಟು ಬೆಳೆದರೆ ಸುತ್ತಳತೆ ಅದರ 6.28 ಪಟ್ಟು ಬೆಳೆಯಬೇಕು. ಇದೇ ಎರಡು ಪೈ. ಅಷ್ಟು ಉದ್ದವನ್ನು ತುಂಬಲು ಎಷ್ಟು ಕಂಬ ಬೇಕು? 6.28 ಗುಣಿಸು 0.74, ಭಾಗಿಸು 0.45. ಬಂದದ್ದು 10.3. ಅಂದರೆ ನಿಮ್ಮ ಕೈಗೆ ಸುತ್ತಿಗೆ ಹತ್ತು ಚಿಲ್ಲರೆ ಕಂಬ ಸಾಕು. ಚಾರ್ಟ್ 12 ಹಾಕಿಸುತ್ತಿದೆ.

ಚಾರ್ಟ್ ತಪ್ಪು ಅಂತಲ್ಲ. ಕಂಬದ ಎತ್ತರ ಅಗಲದ ಎರಡರಷ್ಟಕ್ಕೆ ಹತ್ತಿರ ಇರುವವರಿಗೆ 12 ಸರಿಯಾಗಿ ಕೂರುತ್ತದೆ. ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶಾದಲ್ಲಿ ಎತ್ತರ, ಅಗಲ ಹೆಚ್ಚುಕಡಿಮೆ ಒಂದೇ, ಅದಕ್ಕೇ ಅಲ್ಲಿ 6 ಎನ್ನುತ್ತಾರೆ. ನೀವು ಕುಚ್ಚು ಹಾಕುವವರು. ಕುಚ್ಚು ಸಡಿಲವಾದರೆ ಗಿರಾಕಿ ಸೀರೆ ವಾಪಸ್ ತರುತ್ತಾರೆ, ಹಾಗಾಗಿ ನಿಮ್ಮ ಕೈ ಪ್ರತಿ ಕುಣಿಕೆಯನ್ನೂ ಬಿಗಿದು ಕೆಳಗೆ ಎಳೆಯುತ್ತದೆ. ಕಂಬ ಗಿಡ್ಡವಾಗುತ್ತದೆ. ಸೀರೆಯ ಸೆರಗಿನ ಅಂಚು ನೇರ, ಅಲ್ಲಿ ಕಂಬ ಗಿಡ್ಡವಾದರೂ ಉದ್ದವಾದರೂ ಏನೂ ಆಗುವುದಿಲ್ಲ. ದುಂಡಗೆ ಹೋಗುವಾಗ ಮಾತ್ರ ಅದು ಲೆಕ್ಕ ಕೇಳುತ್ತದೆ.

5ನೇ ಸುತ್ತಿನವರೆಗೆ ಯಾಕೆ ಕಾಣಲಿಲ್ಲ ಅಂದರೆ, 3ನೇ ಸುತ್ತಿನಲ್ಲಿ ಬೇಕಾದ್ದು 31, ಇದ್ದದ್ದು 36. ಐದು ಕಂಬ, ಎರಡು ಸೆಂಟಿಮೀಟರ್ ಚಿಲ್ಲರೆ. ಅಷ್ಟನ್ನು ದಾರವೇ ನುಂಗಿಕೊಂಡಿತು. 7ನೇ ಸುತ್ತಿನಲ್ಲಿ ಬೇಕಾದ್ದು 72, ಇರುವುದು 84. ಹನ್ನೆರಡು ಕಂಬ ಅಂದರೆ 5.4 ಸೆಂಟಿಮೀಟರ್. ಅದಕ್ಕೆ ಹೋಗಲು ಜಾಗ ಎಲ್ಲಿದೆ? ಮೇಲೆ ಕೆಳಗೆ ಅಲೆಯಾಗಿ ಎದ್ದಿತು. (ಈ ಅಲೆಯನ್ನು ಬೇಕೆಂದೇ ಮಾಡಿದವರೂ ಇದ್ದಾರೆ. ಲ್ಯಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದು ಹೈಪರ್ಬಾಲಿಕ್ ತಲದ, ಅಂದರೆ ಅಂಚಿಗೆ ಹೋದಷ್ಟೂ ನೆರಿಗೆಯಾಗುವ ಮೇಲ್ಮೈಯ, ಮಾದರಿಗಳನ್ನು ಕ್ರೋಶಾದಲ್ಲಿ ಹಾಕಿದರು. ಕಾಗದದ ಮಾದರಿ ಬೇಗ ಹರಿದುಹೋಗುತ್ತಿತ್ತು, ದಾರದ್ದು ಗಟ್ಟಿ. ನಾನು ಸರ್ವಿಸ್‌ನಲ್ಲಿ ಇದ್ದಾಗ ಇದು ಗೊತ್ತಿದ್ದರೆ ಹುಡುಗರಿಗೆ ತೋರಿಸುತ್ತಿದ್ದೆ.)

ಈಗ ಪರಿಹಾರ. 8ನೇ ಸುತ್ತಿಗೆ ಬೇಕಾದ್ದು 82. ನಿಮ್ಮ ಬಳಿ ಆಗಲೇ 84 ಇದೆ. ಹಾಗಾಗಿ 8ನೇ ಸುತ್ತಿನಲ್ಲಿ ಒಂದೂ ಹೆಚ್ಚಿಸಬೇಡಿ, ಕಂಬದ ಮೇಲೆ ಕಂಬ. 9ನೆಯದೂ ಹಾಗೇ, 84. ಆಮೇಲೆ ದಳಕ್ಕೆ ಒಂದರಂತೆ ಸೇರಿಸಿಕೊಂಡು ಹೋಗಿ: 96, 108, 120, 132, 144. ಅದು 14ನೇ ಸುತ್ತು. 15ನೆಯದು ಮತ್ತೆ 144. ಎಲ್ಲಾ ಕಡೆ 12ರ ಗುಣಕವೇ ಬರುವುದರಿಂದ ನಿಮ್ಮ ದಳಗಳು ಕೆಡುವುದಿಲ್ಲ. ಲೆಕ್ಕಕ್ಕಿಂತ ಹಲವು ಕಡೆ ಕಡಿಮೆಯೇ ಇಟ್ಟಿದ್ದೇನೆ. ರಿಂಗಿಗೆ ಹೋಗುವ ಮಂಡಲ ಸ್ವಲ್ಪ ಬಟ್ಟಲಾದರೆ ಒಳ್ಳೆಯದೇ, ಎಳೆದಾಗ ಚಪ್ಪಟೆಯಾಗುತ್ತದೆ. ನೆರಿಗೆಯಾದದ್ದನ್ನು ಎಷ್ಟು ಎಳೆದರೂ ಎಲ್ಲೋ ಒಂದು ಕಡೆ ಸಡಿಲ ಉಳಿಯುತ್ತದೆ.

ಚಾರ್ಟ್‌ನಲ್ಲಿ ಚೈನ್ (ಬರೀ ಕುಣಿಕೆಗಳ ಸರಪಳಿ) ಬಂದ ಕಡೆ ಒಂದು ಚೈನನ್ನು ಒಂದು ಕಂಬ ಎಂದೇ ಎಣಿಸಿ. ಬೀಸಣಿಗೆ ಥರದ ಸುತ್ತು ಬಂದಾಗ ಅಂಚು ಕೊಂಚ ಎದ್ದರೆ ಹೆದರಬೇಡಿ, ಮುಂದಿನ ಸುತ್ತು ಹಿಡಿದುಕೊಳ್ಳುತ್ತದೆ.

ಹೊಸ ಕಡ್ಡಿ ಅವರಿಗೆ: ಕಡ್ಡಿ ದಪ್ಪ ಮಾಡಿದರೆ ಎತ್ತರವೂ ಅಗಲವೂ ಎರಡೂ ಬೆಳೆಯುತ್ತವೆ. ಭಾಗಾಕಾರದಲ್ಲಿ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಕಂಬದ ಮೊದಲ ಕುಣಿಕೆಯನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಂಡರೆ ಎತ್ತರ ಮಾತ್ರ ಬೆಳೆಯುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನು ರೂಢಿ ಮಾಡಿಕೊಳ್ಳಲಿ. ಅಕ್ಕನವರು ಈಗ ನಡುವೆ ಕೈ ಬದಲಿಸಬೇಡಿ.

ಸಾಗರದ ಹೆಣಿಗೆ

ಟೀಚರ್ ಲೆಕ್ಕ ಮುಗಿಸಿದರು, ರಿಂಗಿನ ವಿಷಯ ನಾನು ಹೇಳುತ್ತೇನೆ. ನಮ್ಮ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಗೋಡೆ ಒಣಗುವುದಿಲ್ಲ. ಹಾಗಾಗಿ ತುಕ್ಕಿನ ಬಗ್ಗೆ ನಮಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ!

ಬಂಗಾರದ ಬಣ್ಣದ ಕಬ್ಬಿಣದ ರಿಂಗಿನಲ್ಲಿ ಒಂದು ಬೆಸುಗೆ ಇರುತ್ತದೆ. ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಬಣ್ಣ ಮೊದಲು ಏಳುವುದೇ ಅಲ್ಲಿ. ಆ ಜಾಗಕ್ಕೆ ಬಣ್ಣವಿಲ್ಲದ ಉಗುರು ಪಾಲಿಶ್ ಎರಡು ಕೋಟ್ ಹಚ್ಚಿ ಒಣಗಿಸಿ. ಮತ್ತೆ, ರಿಂಗಿಗೆ ಕೂರಿಸಿದ ಮೇಲೆ ನೀರು ತಾಗಿಸಲೇಬೇಡಿ. ಒದ್ದೆ ಹತ್ತಿ ಕಬ್ಬಿಣಕ್ಕೆ ಅಂಟಿಕೊಂಡು ಕೂತರೆ ಹಾಲುಬಿಳಿ ದಾರದ ಮೇಲೆ ಕಂದು ಕಲೆ ಖಂಡಿತ. ಆ ಕಲೆ ಸೋಪಿಗೆ ಹೋಗುವುದಿಲ್ಲ.

ಅಂದರೆ ನೀರಿನ ಕೆಲಸವೆಲ್ಲ ಮೊದಲೇ ಮುಗಿಯಬೇಕು. ಅದಕ್ಕೂ ಮೊದಲು ಮೆರೂನ್ ದಾರದ ಒಂದು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಒತ್ತಿ. ಬಟ್ಟೆಗೆ ಬಣ್ಣ ಹತ್ತಿದರೆ ಇಡೀ ಮಂಡಲವನ್ನು ನೀರಿಗೆ ಹಾಕಬೇಡಿ, ಪಿನ್ ಮಾಡಿ ಮೇಲಿಂದ ತೆಳ್ಳಗೆ ನೀರು ಚಿಮುಕಿಸಿ ಸಾಕು. ಹತ್ತದಿದ್ದರೆ ತಣ್ಣೀರಿನಲ್ಲಿ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಥರ್ಮೋಕೋಲ್ ಹಲಗೆಯ ಮೇಲೆ 9 ಇಂಚಿನ ವೃತ್ತ ಬರೆದು, ಗೆರೆಗೆ ಸರಿಯಾಗಿ ಪಿನ್ ಚುಚ್ಚಿ. ತುಕ್ಕು ಹಿಡಿಯದ ಪಿನ್ ಆಗಿರಲಿ. ಎದುರುಬದುರು ಚುಚ್ಚಿಕೊಂಡು ಹೋಗಿ, ಒಂದೇ ಕಡೆಯಿಂದ ಸುತ್ತು ಹಾಕಿಕೊಂಡು ಬಂದರೆ ಮೊಟ್ಟೆ ಆಕಾರ ಆಗುತ್ತದೆ. ಪೂರ್ತಿ ಒಣಗುವವರೆಗೆ ಪಿನ್ ತೆಗೆಯಬೇಡಿ. ಒಳಸುತ್ತುಗಳಲ್ಲಿ ಉಳಿದ ಅಲೆಯೂ ಆಗಲೇ ಕೂರುತ್ತದೆ.

9 ಇಂಚು ಯಾಕೆಂದರೆ 10 ಇಂಚಿನ ರಿಂಗಿಗೆ ಒಂದು ಇಂಚು ಎಳೆತ ಬೇಕು. ಅಷ್ಟೇ ಅಳತೆಯ ಮಂಡಲ ಮಾಡಿದರೆ ಸ್ವಲ್ಪ ದಿನದಲ್ಲಿ ಹೊಟ್ಟೆ ಬಿಟ್ಟುಕೊಂಡು ಜೋತು ಬೀಳುತ್ತದೆ. ಎಳೆತ ಇರುವುದಕ್ಕೇ ಕಬ್ಬಿಣದ ರಿಂಗ್ ಒಳ್ಳೆಯದು. ತೆಳು ಬೆತ್ತದ ರಿಂಗ್ ಚೆಂದ ಕಾಣುತ್ತದೆ, ಆದರೆ ಎಳೆತಕ್ಕೆ ಬಾಗುತ್ತದೆ.

ಕೂರಿಸುವಾಗ ಮೊದಲು ಬೇರೆ ದಾರದ ತುಂಡುಗಳಿಂದ 12 ಕಡೆ ಸಡಿಲವಾಗಿ ಕಟ್ಟಿ. ಗಡಿಯಾರದ 12ಕ್ಕೆ ಒಂದು, 6ಕ್ಕೆ ಒಂದು, ಆಮೇಲೆ 3 ಮತ್ತು 9, ಹೀಗೆ. ಆಮೇಲೆ ಹೆಣಿಗೆ. ದಾರ ರಿಂಗಿನ ಹೊರಗಿರಲಿ. ಕಡ್ಡಿಯನ್ನು ಮಂಡಲದ ಹೊಲಿಗೆಯೊಳಗೆ ತೂರಿಸಿ, ರಿಂಗಿನ ಅಡಿಯಿಂದ ದಾರ ಹಿಡಿದು ಈಚೆ ಎಳೆಯಿರಿ. ಈಗ ಕಡ್ಡಿಯನ್ನು ರಿಂಗಿನ ಮೇಲಿಂದ ತಂದು ದಾರ ಸುತ್ತಿ ಎರಡೂ ಕುಣಿಕೆಯಿಂದ ಎಳೆಯಿರಿ. ಒಂದು ಸಿಂಗಲ್ ಆಯಿತು, ರಿಂಗ್ ಒಳಗೆ ಮುಚ್ಚಿಕೊಂಡಿತು. ನಿಮ್ಮ ಬಿಗಿ ಕೈ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಲೆಕ್ಕದ ಟೀಚರ್, ಮೈಸೂರು

ಒಂದು ಸೇರಿಸುತ್ತೇನೆ. 10 ಇಂಚಿನ ರಿಂಗಿನ ಸುತ್ತಳತೆ ಸುಮಾರು 80 ಸೆಂಟಿಮೀಟರ್. 144 ಸಿಂಗಲ್ ಹಾಕಿದರೆ ಒಂದಕ್ಕೆ 0.55 ಬರುತ್ತದೆ, ನಿಮ್ಮ ಹೊಲಿಗೆಯ ಅಗಲ 0.45. ನಡುನಡುವೆ ರಿಂಗ್ ಇಣುಕುತ್ತದೆ. ಪ್ರತಿ ನಾಲ್ಕನೇ ಹೊಲಿಗೆಯಲ್ಲಿ ಎರಡೆರಡು ಹಾಕಿ. 180 ಆಗುತ್ತದೆ, ಒಂದಕ್ಕೆ 0.44. ಪೂರ್ತಿ ಮುಚ್ಚುತ್ತದೆ.

ಅಜ್ಜಿ ಕೈರುಚಿ, ಉಡುಪಿ

ನಮ್ಮ ಕಾಲದಲ್ಲಿ ಟಿವಿ ಮೇಲೆ, ಸೋಫಾ ಮೇಲೆ ಹಾಕುವ ಕ್ರೋಶಾಗೆಲ್ಲ ಅಕ್ಕಿ ಗಂಜಿ ಹಾಕುತ್ತಿದ್ದೆವು. ಖಡಕ್ಕಾಗಿ ನಿಲ್ಲುತ್ತಿತ್ತು. ಕೆಲವರು ಸಕ್ಕರೆ ಪಾಕವನ್ನೂ ಹಾಕುತ್ತಿದ್ದರು. ಗಂಜಿ ಹಾಕಿದರೆ ಈ ಲೆಕ್ಕ ಯಾಕೆ ಮಗಾ?

ಸಾಗರದ ಹೆಣಿಗೆ

ಅಜ್ಜಿ, ಮೇಜಿನ ಮೇಲೆ ಹಾಸುವುದಕ್ಕೆ ಗಂಜಿ ಸರಿ, ಆಗಾಗ ಒಗೆದು ಹೊಸ ಗಂಜಿ ಹಾಕುತ್ತೀರಿ. ಗೋಡೆಯ ಮೇಲಿನದನ್ನು ಯಾರೂ ಇಳಿಸುವುದಿಲ್ಲ. ಗಂಜಿಯ ವಾಸನೆಗೆ ಜಿರಳೆ ಬರುತ್ತದೆ, ಸಕ್ಕರೆ ಪಾಕಕ್ಕೆ ಇರುವೆ ಸಾಲು ಹಿಡಿಯುತ್ತದೆ. ರಿಂಗ್ ಇರುವಾಗ ಎಳೆತವೇ ಗಂಜಿಯ ಕೆಲಸ ಮಾಡುತ್ತದೆ.

ಅಜ್ಜಿ ಕೈರುಚಿ, ಉಡುಪಿ

ಅದೂ ಹೌದು. ಆದರೆ ಇರುವೆ ನಮ್ಮ ಮನೆಗೆ ಬರಲಿಲ್ಲಪ್ಪ.

ಕುಚ್ಚಿನಕ್ಕ, ದಾವಣಗೆರೆ

ಟೀಚರ್, 8 ಮತ್ತು 9ನೇ ಸುತ್ತು ನೀವು ಹೇಳಿದ ಹಾಗೇ ಹಾಕಿದೆ. ಅಂಚು ಕೆಳಗಿಳಿದಿದೆ! ಮಂಚದ ಮೇಲಿಟ್ಟರೆ ಒಳಗೆ ಮಾತ್ರ ಚೂರು ಎದ್ದಿದೆ. ನಮ್ಮನೆಯವರು "ಇಷ್ಟು ದಿನ ಲೆಕ್ಕ ಇಲ್ಲದೆ ಕುಚ್ಚು ಹಾಕ್ತಿದ್ಯಾ" ಅಂತ ಕೇಳಿದರು. ಕುಚ್ಚಿಗೆ ಬೇರೆ ಲೆಕ್ಕ, ಸೀರೆಗೆ ಎಷ್ಟು ಗಂಟು ಅಂತ ನನಗೆ ಕಣ್ಣು ಮುಚ್ಚಿದರೂ ಗೊತ್ತು ಅಂದೆ. ರೇಷ್ಮೆ ದಾರದ ಬಗ್ಗೆ ಯಾರೂ ಹೇಳಲಿಲ್ಲ.

ಸಾಗರದ ಹೆಣಿಗೆ

ಮಂಡಲದೊಳಗೆ ಬೇಡ ಅಕ್ಕ. ಕುಚ್ಚಿನ ದಾರ ನುಣುಪು, ಎಳೆತಕ್ಕೆ ಗಂಟು ಜಾರುತ್ತದೆ, ಹತ್ತಿಯ ಪಕ್ಕದಲ್ಲಿ ಒಂದು ಸುತ್ತು ಮಾತ್ರ ಸಡಿಲವಾಗಿ ಕಾಣುತ್ತದೆ. ಹೊಳಪು ಬೇಕಿದ್ದರೆ ಮರ್ಸರೈಸ್ ಮಾಡಿದ ಹತ್ತಿ ತಗೊಳ್ಳಿ. ಕಾಸ್ಟಿಕ್ ಸೋಡಾದಲ್ಲಿ ಎಳೆದು ಹದ ಮಾಡಿರುತ್ತಾರೆ, ಹೊಳೆಯುತ್ತದೆ, ಜುಂಗೂ ಏಳುವುದಿಲ್ಲ. ರೇಷ್ಮೆ ದಾರವನ್ನು ರಿಂಗಿನ ಕೆಳಗೆ ಕುಚ್ಚಾಗಿ ಬಿಡಿ. ನಿಮ್ಮ ಮಣಿ ಕುಚ್ಚೇ ಆಗಲಿ. ಕೆಳಗೆ ಸ್ವಲ್ಪ ಭಾರ ಬಿದ್ದರೆ ಫ್ಯಾನ್ ಗಾಳಿಗೂ ತಿರುಗುವುದಿಲ್ಲ. ಮೇಲೆ ನೇತುಹಾಕುವ ದಾರವನ್ನು ಒಂದೇ ಕಡೆ ಕಟ್ಟದೆ, ಗಡಿಯಾರದ 11 ಮತ್ತು 1ರ ಜಾಗದಲ್ಲಿ ಎರಡು ಕಡೆ ಕಟ್ಟಿ.

ರೇಟಿನ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಒಂದು ಸೀರೆ ಕುಚ್ಚಿಗೆ ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ನಿಮಗೆ ಗೊತ್ತಿದೆ. ಅದೇ ಗಂಟೆ ಲೆಕ್ಕ ಇಲ್ಲಿಗೂ ಹಾಕಿ, ದಾರ ಮತ್ತು ರಿಂಗಿನ ದುಡ್ಡು ಬೇರೆ. ಗೃಹಪ್ರವೇಶ ಅಂತ ಕಡಿಮೆ ಮಾಡಬೇಡಿ, ಟೈಲ್ಸಿನವರು ಮಾಡಿರುತ್ತಾರಾ?

ರಿಮ್ ರಾಜ, ಧಾರವಾಡ

ನಡುವೆ ಬಾಯಿ ಹಾಕ್ತೀನಿ, ಬೇಜಾರಾಗಬ್ಯಾಡ್ರಿ. ನಮ್ಮ ಅಜ್ಜಾರ ಹಳೆ ಸೈಕಲ್ಲಿನ ರಿಮ್ ಎರಡೂ ಅದಾವ. ಅವ್ವ ಕ್ರೋಶಾ ಹಾಕ್ತಾಳ. ದೊಡ್ಡ ಮಂಡಲ ಮಾಡಿ ಅದರಾಗ ಕೂರಿಸಬಹುದೇನ್ರಿ? ಸ್ಪೋಕ್ ಕಡ್ಡಿ ಹಾಕೋ ತೂತು ಹಂಗ ಅದಾವ, ಅದರಾಗ ದಾರ ಪೋಣಿಸಿ ಕಟ್ಟಬಹುದಲ್ರಿ?

ಲೆಕ್ಕದ ಟೀಚರ್, ಮೈಸೂರು

ಒಳ್ಳೆಯ ಯೋಚನೆ. ಆದರೆ ಮೊದಲು ತೂತು ಎಣಿಸಿ. ನಮ್ಮ ಹಳೆಯ ದೊಡ್ಡ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದಿನ ರಿಮ್‌ಗೆ 32, ಹಿಂದಿನದಕ್ಕೆ 40 ಇರುತ್ತದೆ. ಎರಡೂ 12ರಿಂದ ಭಾಗವಾಗುವುದಿಲ್ಲ, ಅಕ್ಕನ ಚಾರ್ಟ್ ಅದಕ್ಕೆ ಆಗುವುದಿಲ್ಲ. 32ಕ್ಕೆ 8 ಅಥವಾ 16 ದಳ, 40ಕ್ಕೆ 8 ಅಥವಾ 10 ದಳ ಇರುವ ಚಾರ್ಟ್ ಹುಡುಕಿ. ತುಕ್ಕು ಉಜ್ಜಿ ಪೇಂಟ್ ಹೊಡೆದು, ತೂತಿನ ಅಂಚು ದಾರ ಕತ್ತರಿಸದ ಹಾಗೆ ಅರ ಹಾಕಿ ನಯ ಮಾಡಿ. ಆಮೇಲೆ ಅವ್ವನ ಕೈಯಲ್ಲಿ ಪಟ್ಟಿ ಹಾಕಿಸಿ, 10 ಕಂಬದ ಅಗಲ, 10 ಸಾಲಿನ ಎತ್ತರ, ರಿಮ್‌ನ ಒಳವ್ಯಾಸ ಮೂರೂ ಅಳೆದು ಇಲ್ಲಿ ಹಾಕಿ.