ತಾರಸಿ ಮೇಲೆ ತಳನೀರಿನ ಬಕೆಟ್‌ನಲ್ಲಿ ಪೊದೆ ಮೆಣಸು: ಮಾಡಿದವರು ಅನುಭವ ಹೇಳಿ

ವಿನೋಬನಗರ, ಶಿವಮೊಗ್ಗ (ಕೇಳಿದವರು)

ತಾರಸಿ ಮೇಲೆ ಒಂದು ಹತ್ತು ಪೊದೆ ಮೆಣಸಿನ ಗಿಡ (ಬಳ್ಳಿಯಾಗಿ ಹಬ್ಬದೆ ಪೊದೆಯಾಗುವ ಹಾಗೆ ಅಡ್ಡರೆಂಬೆಯಿಂದ ಮಾಡಿದ ಕಾಳುಮೆಣಸು) ಹಾಕಬೇಕು ಅಂತಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಏಪ್ರಿಲ್, ಮೇನಲ್ಲಿ ಊರಿಗೆ ಹೋದರೆ ನೀರು ಹಾಕುವವರು ಯಾರೂ ಇಲ್ಲ. ಕೆಳಗಿನ ಬಕೆಟ್‌ನಲ್ಲಿ ನೀರು ನಿಲ್ಲಿಸಿ, ಮೇಲಿನ ಬಕೆಟ್‌ನ ಮಣ್ಣು ತಾನೇ ನೀರು ಎಳೆದುಕೊಳ್ಳುವ ಸೆಲ್ಫ್ ವಾಟರಿಂಗ್ ಪದ್ಧತಿ ಇದಕ್ಕೆ ಆಗುತ್ತಾ? ಮಳೆಗಾಲದಲ್ಲಿ ಬೇರು ಕೊಳೆಯುತ್ತಾ? ಪಣಿಯೂರು-1 ಹಾಕಲಾ, ಬೇರೆ ತಳಿಯಾ? ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗ.

ತೀರ್ಥಹಳ್ಳಿ ಕಡೆಯವ

ಬೇಡ. ದುಡ್ಡು ಹಾಕಿ ಕಳೆದುಕೊಂಡವನ ಮಾತು ಕೇಳಿ.

ನಾನು ಕಿಟ್ ತಗೊಂಡೆ. 24 ಬಕೆಟ್, ಒಂದಕ್ಕೆ 340ರಂತೆ 8,160. 200 ಲೀಟರ್ ಡ್ರಮ್ 1,100. ಫ್ಲೋಟ್ ವಾಲ್ವ್ 280. ಪೈಪು, ಎಲ್ಬೋ, ಟೀ ಎಲ್ಲ ಸೇರಿ 2,650. ಬಕೆಟ್‌ನ ತೂತಿಗೆ ಕೂರಿಸುವ ರಬ್ಬರ್ ಉಂಗುರ ಒಂದಕ್ಕೆ 18, ಅದು 48 ಬೇಕು, 864. ಗಿಡ ತಲಾ 120ರಂತೆ 2,880. ಒಟ್ಟು 15,934. ಇದರಲ್ಲಿ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಲ್ಲ, ಬೇವಿನ ಹಿಂಡಿ ಸೇರಿಲ್ಲ, ಆಟೋ ಬಾಡಿಗೆ ಸೇರಿಲ್ಲ.

ಎಲ್ಲ ಬಕೆಟ್‌ನ ತಳವನ್ನೂ ಒಂದೇ ಪೈಪಿಗೆ ಸೇರಿಸುವುದು ಆ ಕಿಟ್‌ನ ಪದ್ಧತಿ. ಡ್ರಮ್ ತುಂಬಿಸಿದರೆ ಸಾಕು, ಸಾಲಿನ ಅಷ್ಟೂ ಬಕೆಟ್‌ಗೆ ಸಮವಾಗಿ ನೀರು. ಬೇಸಿಗೆಯಲ್ಲಿ ಗಿಡ ನೋಡಿದವರೆಲ್ಲ ಹೊಗಳಿದರು. ಮಳೆ ಹಿಡಿಯಿತು ನೋಡಿ, ಮೂಲೆಯ ಒಂದು ಗಿಡದ ಎಲೆ ಮೇಲೆ ಕಪ್ಪು ಮಚ್ಚೆ ಬಂತು, ಮಚ್ಚೆಯ ಅಂಚು ನೀರು ಹೀರಿದಂತೆ ಹರಡಿತ್ತು. ಬುಡ ಕಪ್ಪಾಯಿತು. ಎಲೆ ಹಳದಿ ಆಗುವ ಮೊದಲೇ ಹಸಿರು ಹಸಿರಾಗಿಯೇ ಉದುರಿತು. ಸೊರಗು ರೋಗ. ಅದನ್ನು ತರುವ ಫೈಟಾಫ್ತೊರಾ ಅನ್ನುವ ಶಿಲೀಂಧ್ರದಂಥ ಜೀವಿಯ ಕಣಗಳು ನೀರಿನಲ್ಲಿ ಈಜಿಕೊಂಡು ಹೋಗುತ್ತವೆ. ಪೈಪು ಒಂದೇ, ನೀರು ಒಂದೇ. ಪೈಪು ಹೋದ ಸಾಲಿನಲ್ಲೇ ಒಂದರ ಹಿಂದೆ ಒಂದು ಗಿಡ ಹೋಯಿತು.

ಕಿಟ್ ಮಾರಿದವನನ್ನು ಕೇಳಿದರೆ ನರ್ಸರಿ ಗಿಡದಲ್ಲೇ ರೋಗ ಇತ್ತು ಅನ್ನುತ್ತಾನೆ. ನರ್ಸರಿಯವನನ್ನು ಕೇಳಿದರೆ ನಿಮ್ಮ ನೀರಿನಲ್ಲಿ ಬಂತು ಅನ್ನುತ್ತಾನೆ. ದುಡ್ಡು ಮಾತ್ರ ಇಬ್ಬರ ಹತ್ತಿರವೂ ಉಳಿಯಿತು.

ಸಾಗರದ ತೋಟದವ

ಪೈಪು ಜೋಡಿಸಿದ್ದಕ್ಕೆ ರೋಗ ಹರಡಿದೆ. ಅದಕ್ಕೆ ತಳನೀರಿನ ಪದ್ಧತಿಗೇ ಬೈದರೆ ಹೇಗೆ?

ನನ್ನ ಹತ್ತಿರ ಒಂದೊಂದು ಬಕೆಟ್ಟೂ ಬೇರೆ ಬೇರೆ. ಒಂದಕ್ಕೊಂದು ಸಂಬಂಧ ಇಲ್ಲ. ಪೇಂಟ್ ಅಂಗಡಿಯಿಂದ 20 ಲೀಟರಿನ ಹಳೆ ಬಕೆಟ್ ತಂದೆ, ಒಂದಕ್ಕೆ 60. ಜೋಡಿಗೆ 120. ನೀರು ತುಂಬಲು ಮುಕ್ಕಾಲು ಇಂಚಿನ ಪೈಪು ಒಂದೂವರೆ ಅಡಿ, 25 ರೂಪಾಯಿ. ಮೇಲಿನ ಮಣ್ಣು ನೀರು ಎಳೆಯಲು ಕೆಳಗಿನ ನೀರಿಗೆ ಇಳಿಯುವ ಕಾಲು ಮಾಡುವುದಕ್ಕೆ ಪ್ಲಾಸ್ಟಿಕ್ ಜಾಲರಿ ಬುಟ್ಟಿ, 15. ಒಟ್ಟು 160. ನಿಮ್ಮ 340ರ ಬಕೆಟ್‌ನಲ್ಲಿ ಇದಕ್ಕಿಂತ ಜಾಸ್ತಿ ಎಂತ ಇತ್ತು ಹೇಳಿ.

ಕೆಲಸ ಇರುವುದು ಎರಡು ಕಡೆ. ಮೊದಲನೆಯದು ಹೆಚ್ಚಾದ ನೀರು ಹೊರಗೆ ಹೋಗುವ ತೂತು. ಅದು ಕೆಳಗಿನ ಬಕೆಟ್‌ನಲ್ಲಿ, ಮೇಲಿನ ಬಕೆಟ್‌ನ ತಳಕ್ಕಿಂತ ಒಂದು ಇಂಚು ಕೆಳಗೆ ಇರಬೇಕು. ಆ ಒಂದು ಇಂಚಿನಲ್ಲಿ ಗಾಳಿ ಇರುತ್ತದೆ, ಬೇರು ಉಸಿರಾಡುವುದು ಅಲ್ಲಿ. ತೂತು ಮೇಲೆ ಹೋದರೆ ಮೇಲಿನ ಬಕೆಟ್‌ನ ಮಣ್ಣು ನೀರಿನಲ್ಲೇ ಕೂರುತ್ತದೆ, ಆಮೇಲೆ ಯಾವ ಔಷಧಿ ಹೊಡೆದರೂ ಅಷ್ಟೆ. ಎರಡನೆಯದು ಮಣ್ಣಿನ ಮಿಶ್ರಣ. ತೋಟದ ಕೆಂಪು ಮಣ್ಣನ್ನೇ ತುಂಬಿದರೆ ಅದು ಗಟ್ಟಿ ಹಿಡಿದು ಕೆಸರಾಗುತ್ತದೆ. ಬರೀ ಕೊಕೊಪೀಟ್ ಆದರೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲಿನ ತನಕ ನೀರು ಎಳೆದು ಎಲ್ಲ ಕಡೆ ಒದ್ದೆ. ನಾನು ಅರ್ಧ ಕೊಕೊಪೀಟ್, ಕಾಲು ಭಾಗ ಸುಟ್ಟ ಭತ್ತದ ಹೊಟ್ಟು, ಕಾಲು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕುವುದು. ಅದಕ್ಕೆ ಟ್ರೈಕೋಡರ್ಮಾ (ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಬೆರೆಸಿ ನೆರಳಿನಲ್ಲಿ ಇಟ್ಟು ಆಮೇಲೆ ತುಂಬುತ್ತೇನೆ.

5 ಕಿಲೋ ಕೊಕೊಪೀಟ್ ಇಟ್ಟಿಗೆ ಈಗ 230. ಅಗ್ಗದ್ದು 150ಕ್ಕೂ ಸಿಗುತ್ತದೆ, ಅದರಲ್ಲಿ ಉಪ್ಪು ಇರುತ್ತದೆ. ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಇಷ್ಟು ಮಾಡದಿದ್ದರೆ ಎಲೆಯ ತುದಿ ಕಂದು ಆಗಿ ಸುಡುತ್ತದೆ. ಗಿಡ ಚೆನ್ನಾಗಿದೆ, ಕರೆ (ಕಾಳು ಕಟ್ಟುವ ಹೂಗೊಂಚಲು) ಬರುತ್ತಿದೆ. ಬಂದು ನೋಡಬಹುದು.

ತೀರ್ಥಹಳ್ಳಿ ಕಡೆಯವ

ನಿಮಗೆ ಸಾಗರದಲ್ಲಿ ತೋಟ ಇದೆ, ಗಿಡ ಸತ್ತರೆ ಬಳ್ಳಿಯಿಂದ ಮತ್ತೊಂದು ರೆಂಬೆ ಕತ್ತರಿಸುತ್ತೀರಿ. ನಾನು 120 ಕೊಟ್ಟು ತರಬೇಕು. ಆ ಲೆಕ್ಕ ನಿಮ್ಮ 160ರಲ್ಲಿ ಎಲ್ಲಿದೆ? ಸುಮ್ನೆ ಅಗ್ಗ ಅಗ್ಗ ಅಂತ ಹೇಳಬೇಡಿ ಮಾರಾಯ್ರೆ.

ಹೊಸನಗರದ ಅಕ್ಕ

ನೀವಿಬ್ಬರೂ ಗಿಡದ ಬುಡದ ಮಾತೇ ಎತ್ತಲಿಲ್ಲ. ಹಿಪ್ಲಿ ಕಸಿ ಹಾಕಿದರೆ ಈ ಜಗಳ ಅರ್ಧ ಮುಗಿಯುತ್ತದೆ.

ಬುಡ ಕೊಲುಬ್ರಿನಮ್ ಅನ್ನುವ ದಕ್ಷಿಣ ಅಮೆರಿಕದ ಹಿಪ್ಲಿ, ಮೇಲೆ ನಮ್ಮ ಮೆಣಸಿನ ಅಡ್ಡರೆಂಬೆ. ಆ ಹಿಪ್ಲಿ ಜೌಗಿನಲ್ಲಿ ಬೆಳೆಯುವ ಜಾತಿ. ಸೊರಗು ರೋಗ ಅದರ ಬೇರಿಗೆ ಹತ್ತುವುದಿಲ್ಲ, ಬೇರು ತಿನ್ನುವ ಜಂತುಹುಳುವೂ ಹತ್ತುವುದಿಲ್ಲ. ನಮ್ಮ ತೋಟದಲ್ಲಿ ಕಸಿ ಗಿಡ ನೆಟ್ಟಾಗ ಬೇಸಿಗೆಯೇ ನಮಗೆ ಶತ್ರು. ನೀರು ಒಂದು ವಾರ ತಪ್ಪಿದರೆ ಮೇಲಿನ ಮೆಣಸಿಗಿಂತ ಮೊದಲು ಬುಡದ ಹಿಪ್ಲಿಯೇ ಬಾಡುತ್ತದೆ. ನಮ್ಮನೆಯವರು ಬಿಂದಿಗೆ ಹೊತ್ತು ಸೊಂಟ ನೋಯಿಸಿಕೊಂಡದ್ದು ನನಗೆ ಇನ್ನೂ ಸಂಕಟ. ಅದೇ ಗಿಡವನ್ನು ತಳನೀರಿನ ಬಕೆಟ್‌ಗೆ ಹಾಕಿದ ಮೇಲೆ ನಿಶ್ಚಿಂತೆ. ಯಾವಾಗಲೂ ತೇವ ಬೇಕು ಅನ್ನುವ ಬುಡಕ್ಕೆ ಯಾವಾಗಲೂ ತೇವ ಸಿಗುತ್ತದೆ, ಅಲ್ವಾ?

ಕಸಿಯ ಕೆಳಗಿನಿಂದ ಹಿಪ್ಲಿ ಚಿಗುರು ಬರುತ್ತಲೇ ಇರುತ್ತದೆ, ಅದನ್ನು ಕಂಡ ಕೂಡಲೇ ಚಿವುಟಬೇಕು. ಬಿಟ್ಟರೆ ಮೆಣಸು ಹೋಗಿ ಹಿಪ್ಲಿ ಪೊದೆ ಆಗುತ್ತದೆ. ನಮ್ಮ ಊರಿಗೆ ಬಂದ ಒಬ್ಬ ಮಾರಾಟಗಾರ ಹಿಪ್ಲಿ ಚಿಗುರನ್ನೇ ಮೆಣಸು ಅಂತ ತೋರಿಸಿ 150ಕ್ಕೆ ಕೊಟ್ಟು ಹೋದ. ತಗೊಳ್ಳುವಾಗ ಕಸಿ ಗಂಟು ಕಣ್ಣಿಗೆ ಕಾಣಬೇಕು.

ಕೊಪ್ಪದ ಹಳೆ ಬೆಳೆಗಾರ

ಹಿಪ್ಲಿ ಕಸಿ ಬಗ್ಗೆ ಅಷ್ಟು ಹೊಗಳಬೇಡಿ ಅಕ್ಕ. ನಾಲ್ಕಾರು ವರ್ಷ ಆದ ಮೇಲೆ ಮೇಲಿನ ಕಾಂಡ ದಪ್ಪ ಆಗಿ ಬುಡ ಸಣ್ಣಗೇ ಉಳಿದು ಕಸಿ ಗಂಟಿನಲ್ಲೇ ಒಣಗಿದ ಗಿಡ ನಮ್ಮಲ್ಲಿ ಬೇಕಾದಷ್ಟಿವೆ.

ನನಗೆ ಅರ್ಥ ಆಗದ್ದು ಬೇರೆ. ಮಲೆನಾಡಿನಲ್ಲಿ ಹುಟ್ಟಿ ಬಕೆಟ್‌ನಲ್ಲಿ ಮೆಣಸು ಯಾಕೆ? ಅಡಿಕೆ ಮರ ಇಲ್ಲವಾ, ಬೇಲಿಯಲ್ಲಿ ಹಾಲವಾಣ ಇಲ್ಲವಾ? ನಮ್ಮ ಅಜ್ಜನ ಕಾಲದ ಮಲ್ಲಿಗೆಸರ, ಉದ್ದಗರೆ ಬಳ್ಳಿ ಈಗಲೂ ಮರದ ಮೇಲಿವೆ. ಅದಕ್ಕೆ ಯಾರೂ ಪೈಪು ಇಡಲಿಲ್ಲ. ಪಣಿಯೂರು ಅಂತ ಎಲ್ಲರೂ ಹಿಂದೆ ಬಿದ್ದು ಮನೆ ತಳಿ ಕಳೆದುಕೊಂಡಿದ್ದೀರಿ.

ಸಾಗರದ ತೋಟದವ

ಅವರು ಕೇಳಿದ್ದು ತಾರಸಿ ಬಗ್ಗೆ! ವಿನೋಬನಗರದ ತಾರಸಿ ಮೇಲೆ ಅಡಿಕೆ ಮರ ಎಲ್ಲಿಂದ ತರಬೇಕು? ಪಣಿಯೂರು-1ಕ್ಕೆ ದಟ್ಟ ನೆರಳು ಆಗುವುದಿಲ್ಲ, ಬೆಳಕು ಬೇಕು. ಮರದ ಕೆಳಗೆ ನಿಮಗೆ ಅದು ಸರಿಯಾಗಿ ಕಚ್ಚಲಿಲ್ಲ ಅಂದರೆ ಅದಕ್ಕೇ. ತಾರಸಿಗೆ ಅದೇ ಒಳ್ಳೆಯದು. ತಳಿಗೆ ಬೈಯಬೇಡಿ.

ಕೊಪ್ಪದ ಹಳೆ ಬೆಳೆಗಾರ

ನಾನು ಮೆಣಸು ಕೊಯ್ಯಲು ಏಣಿ ಹತ್ತುವಾಗ ನೀವು ಹುಟ್ಟಿರಲಿಲ್ಲ. ತಳಿ ನನಗೆ ಕಲಿಸಬೇಡಿ.

ಗೋಪಾಳ, ಶಿವಮೊಗ್ಗ

ತಾರಸಿ ಅಂದಮೇಲೆ ಸೊಳ್ಳೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮನೆ ಮಗುವಿಗೆ ಡೆಂಗಿ ಬಂದಾಗ ಆರೋಗ್ಯದವರು ಮನೆ ಮನೆ ನೋಡುತ್ತಾ ತಾರಸಿಗೆ ಬಂದರು. ನೀರು ತುಂಬುವ ಪೈಪಿನೊಳಗೆ ಟಾರ್ಚ್ ಬಿಟ್ಟರೆ ಮರಿಗಳು ಕುಣಿಯುತ್ತಿವೆ. ನಮ್ಮ ಕಣ್ಣೆದುರೇ ಎಲ್ಲ ಬಕೆಟ್ ಬೋರಲು ಹಾಕಿದರು. ಅರ್ಧ ಗಿಡದ ಬೇರು ಹರಿಯಿತು. ಆಸ್ಪತ್ರೆಗೆ ಆದ ಖರ್ಚು ನಾನು ಇಲ್ಲಿ ಬರೆಯುವುದಿಲ್ಲ, ಬರೆಯಲು ಮನಸ್ಸಿಲ್ಲ.

ಡೆಂಗಿ ಸೊಳ್ಳೆಗೆ ಇಂಥ ಶುದ್ಧ ನಿಂತ ನೀರು ಅಂದರೆ ಇಷ್ಟ. ಮೊಟ್ಟೆ ಒಣ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ನೀರು ಮುಟ್ಟಿದರೆ ಮತ್ತೆ ಮರಿ. ಈಗ ತುಂಬುವ ಪೈಪಿಗೆ ಮುಚ್ಚಳ ಇದೆ. ಹೊರಹೋಗುವ ತೂತಿಗೆ ಸ್ಟೀಲ್ ಸೊಳ್ಳೆ ಜಾಲರಿ, ಚದರ ಅಡಿಗೆ 35. ಎರಡು ಬಕೆಟ್ ಸೇರುವ ಕಡೆ ಇರುವ ಸಂದಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ. ಬಕೆಟ್ ಪದ್ಧತಿ ಹೇಳಿಕೊಡುವವರು ಇದನ್ನು ಮೊದಲು ಹೇಳಬೇಕು. ಸಾಗರದವರು ಗಾಳಿ ಇರುವ ಒಂದು ಇಂಚಿನ ಬಗ್ಗೆ ಅಷ್ಟು ಬರೆದರು, ಆ ಜಾಗದಲ್ಲಿ ಸೊಳ್ಳೆ ಕೂರುತ್ತದೆ ಅಂತ ಒಂದು ಸಾಲೂ ಬರೆಯಲಿಲ್ಲ.

ಸಾಗರದ ತೋಟದವ

ನನ್ನ ತುಂಬುವ ಪೈಪಿಗೂ ಮುಚ್ಚಳ ಇದೆ, ತೂತಿಗೂ ಜಾಲರಿ ಇದೆ. ಅಷ್ಟು ಎಲ್ಲರಿಗೂ ಗೊತ್ತಿರುತ್ತದೆ ಅಂತ ಬರೆಯಲಿಲ್ಲ. ಮಗು ಈಗ ಆರಾಮ ಇದೆಯಾ?

ಗೋಪಾಳ, ಶಿವಮೊಗ್ಗ

ಆರಾಮ. ಆದರೆ ಎಲ್ಲರಿಗೂ ಗೊತ್ತಿರುವುದಿಲ್ಲ ಅಣ್ಣ. ನನಗೆ ಯಾರೂ ಹೇಳಿರಲಿಲ್ಲ.

ಆಗುಂಬೆ ಹತ್ತಿರದವ

ನಿಮ್ಮದೆಲ್ಲ ಮಳೆಯೇ ಅಲ್ಲ. ನಮ್ಮ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ಜುಲೈನಲ್ಲಿ ಬಕೆಟ್‌ನ ಮೇಲಿನಿಂದ ಬರುವ ನೀರಿಗೆ ಪೆನ್ಸಿಲ್ ದಪ್ಪದ ಒಂದೇ ತೂತನ್ನು ನಂಬಿ ಕೂರಬೇಡಿ. ನಾನು ಅರ್ಧ ಇಂಚಿನ ತೂತು ಎರಡು, ಎದುರು ಬದುರು ಕೊರೆದಿದ್ದೇನೆ. ಒಂದಕ್ಕೆ ಎಲೆ ಅಡ್ಡ ಕೂತರೆ ಇನ್ನೊಂದು ಕೆಲಸ ಮಾಡುತ್ತದೆ. ಮಳೆ ಪೂರ್ತಿ ಹಿಡಿದ ಮೇಲೆ ಕೆಳಗಿನ ಬಕೆಟ್ಟೇ ತೆಗೆದು ಬಿಡುತ್ತೇನೆ, ಮೇಲಿನದನ್ನು ಎರಡು ಇಟ್ಟಿಗೆ ಮೇಲೆ ಇಡುತ್ತೇನೆ. ಆಗ ತಳನೀರು ಯಾರಿಗೆ ಬೇಕು? ಅಕ್ಟೋಬರ್ ಕಳೆದ ಮೇಲೆ ಮತ್ತೆ ಜೋಡಿಸುವುದು.

ಸೊರಗು ರೋಗ ತಡೆಯುವ ಬೋರ್ಡೋ ದ್ರಾವಣ ಮಾತ್ರ ಮಳೆ ಹಿಡಿಯುವ ಮೊದಲೇ ಹೊಡೆಯಲೇಬೇಕು. ಹತ್ತು ಗಿಡಕ್ಕೆ 10 ಲೀಟರ್ ಧಾರಾಳ ಸಾಕು, ಅದಕ್ಕೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಿ. ಅದೇ ವಾರ ಟ್ರೈಕೋಡರ್ಮಾ ಹಾಕಬೇಡಿ, ಮೈಲುತುತ್ತದ ತಾಮ್ರ ಅದನ್ನು ಕೊಲ್ಲುತ್ತದೆ, ಕೊಟ್ಟ ದುಡ್ಡು ದಂಡ.

ಇನ್ನೊಂದು. ನೀರು ಕೆಳಗಿನಿಂದ ಮೇಲೆ ಮಾತ್ರ ಹೋಗುವುದರಿಂದ ಗೊಬ್ಬರದ ಉಪ್ಪೆಲ್ಲ ಮೇಲಿನ ಪದರದಲ್ಲಿ ಬಿಳಿ ಪುಡಿಯಾಗಿ ನಿಲ್ಲುತ್ತದೆ. ಬೇಸಿಗೆ ಪೂರ್ತಿ ಹಾಗೇ ಬಿಟ್ಟರೆ ಎಲೆ ಅಂಚು ಸುಡುತ್ತದೆ. ನಮಗೆ ಮಳೆ ತೊಳೆದು ಕೊಡುತ್ತದೆ. ಮಳೆಗೆ ಅಡ್ಡ ಕಟ್ಟಿದ ಶೀಟ್ ಕೆಳಗೆ ಇಡುವವರು ಆಗಾಗ ಮೇಲಿನಿಂದ ಚೆನ್ನಾಗಿ ನೀರು ಸುರಿದು ಹೊರಗೆ ಹರಿಸಬೇಕು. ಅದಕ್ಕೇ ಮಳೆಗಾಲಕ್ಕೆ ಶೀಟ್ ಹಾಕಿ ಅಂತ ಕೆಲವರು ಕೊಡುವ ಸಲಹೆ ನನಗೆ ಒಪ್ಪಿಗೆ ಇಲ್ಲ.

ತೀರ್ಥಹಳ್ಳಿ ಕಡೆಯವ

ಮಳೆಯಲ್ಲಿ ತೆರೆದಿಟ್ಟು ನನ್ನ ಗಿಡ ಹೋಯಿತು, ಮಳೆಗೆ ಬಿಡಿ ಅಂತೀರಲ್ಲ! ಮಣ್ಣಿನ ಮೇಲೆ ಬಿದ್ದ ಹನಿ ಸಿಡಿದು ರೋಗವನ್ನು ಕೆಳಗಿನ ಎಲೆಗೆ ಮುಟ್ಟಿಸುತ್ತದೆ. ಶೀಟ್ ಇದ್ದಿದ್ದರೆ ಆ ದಾರಿಯಾದರೂ ಮುಚ್ಚಿರುತ್ತಿತ್ತು.

ಆಗುಂಬೆ ಹತ್ತಿರದವ

ಮಣ್ಣಿನ ಮೇಲೆ ಒಣ ಎಲೆ ಹೊದಿಸಿ, ನೆಲ ಮುಟ್ಟುವ ರೆಂಬೆ ಕತ್ತರಿಸಿ. ಮೆಣಸಿನ ಹೂವಿಗೆ ಮಳೆ ಹನಿ ಒಳ್ಳೆಯದು, ಕರೆ ಮೇಲಿಂದ ಕೆಳಗೆ ಹನಿ ಇಳಿದು ಪರಾಗ ಹಂಚಲು ನೆರವಾಗುತ್ತದೆ. ಶೀಟ್ ಕೆಳಗೆ ಆ ನೆರವು ಇಲ್ಲ.

ವಿನೋಬನಗರ, ಶಿವಮೊಗ್ಗ (ಕೇಳಿದವರು)

ಎಲ್ಲರಿಗೂ ಧನ್ಯವಾದ. ಬಿಸಿಲಿನ ಬಗ್ಗೆ, ಮತ್ತೆ ನಾವು ಊರಿಗೆ ಹೋದಾಗ ಎಷ್ಟು ದಿನಕ್ಕೆ ನೀರು ಸಾಕಾಗುತ್ತದೆ ಅನ್ನುವುದನ್ನು ಯಾರಾದರೂ ಹೇಳುತ್ತೀರಾ?

ಹೊಸನಗರದ ಅಕ್ಕ

50 ಪರ್ಸೆಂಟ್ ನೆರಳು ಬಲೆ ಕಟ್ಟಿ. ಪೊದೆ ಮೆಣಸಿಗೆ ಮಧ್ಯಾಹ್ನದ ನೇರ ಬಿಸಿಲು ಬೇಡವೇ ಬೇಡ. ಕಪ್ಪು ಬಕೆಟ್ ಇಡಬೇಡಿ, ಬಿಳಿ ಇಡಿ. ಕೆಳಗಿನ ನೀರು ಕಾದರೆ ಬೇರು ಬೇಯುತ್ತದೆ. ನೀರು ಎಷ್ಟು ದಿನಕ್ಕೆ ಅನ್ನುವುದು ಗಿಡ ಎಷ್ಟು ದೊಡ್ಡದು ಅನ್ನುವುದರ ಮೇಲೆ. ಊರಿಗೆ ಹೊರಡುವ ಮೊದಲೇ ಮನೆಯಲ್ಲಿದ್ದಾಗ ತುಂಬಿಸಿ, ಎಷ್ಟು ದಿನಕ್ಕೆ ಖಾಲಿ ಆಗುತ್ತದೆ ನೋಡಿಕೊಳ್ಳಿ.

ಕೊಪ್ಪದ ಹಳೆ ಬೆಳೆಗಾರ

ಏಪ್ರಿಲ್, ಮೇನಲ್ಲಿ ಬಳ್ಳಿಗೆ ನೀರು ಕಡಿಮೆಯೇ ಆಗಬೇಕು. ಸ್ವಲ್ಪ ಬಾಡಿ, ಆಮೇಲೆ ಮುಂಗಾರು ಬಿದ್ದರೆ ಕರೆ ಒಟ್ಟಿಗೆ ಹೊರಡುತ್ತದೆ. ಯಾವಾಗಲೂ ತಳದಲ್ಲಿ ನೀರು ಇಟ್ಟರೆ ಬರೀ ಎಲೆ ಬರುತ್ತದೆ.

ಸಾಗರದ ತೋಟದವ

ಅದು ನೆಲದಲ್ಲಿ ಆಳಕ್ಕೆ ಬೇರು ಬಿಟ್ಟ ಬಳ್ಳಿಗೆ. 20 ಲೀಟರಿನ ಬಕೆಟ್‌ನಲ್ಲಿರುವ ಗಿಡವನ್ನು ಶಿವಮೊಗ್ಗದ ಏಪ್ರಿಲ್ ಬಿಸಿಲಿಗೆ ಬಾಡಿಸಿದರೆ ಮುಂಗಾರು ನೋಡಲು ಗಿಡವೇ ಇರುವುದಿಲ್ಲ. ಪೊದೆ ಮೆಣಸು ವರ್ಷದಲ್ಲಿ ಆಗಾಗ ಕರೆ ಬಿಡುತ್ತದೆ, ಒಟ್ಟಿಗೇ ಬರಬೇಕು ಅಂತ ಇಲ್ಲ. ಮನೆ ಖರ್ಚಿಗೆ ಬೆಳೆಯುವವರಿಗೆ ಅದೇ ಅನುಕೂಲ.

ಕೊಪ್ಪದ ಹಳೆ ಬೆಳೆಗಾರ

ಸರಿ, ನಿಮ್ಮ ಗಿಡಕ್ಕೆ ಎಷ್ಟು ಬಂತು ಹೇಳಿ. ಹಸಿ ಅಲ್ಲ, ಒಣಗಿಸಿದ್ದು. ನೂರು ಕಿಲೋ ಹಸಿ ಕೊಯ್ದರೆ ಒಣಗಿ ಮೂವತ್ತ್ಮೂರರ ಆಸುಪಾಸು ಉಳಿಯುತ್ತದೆ, ಆ ಲೆಕ್ಕದಲ್ಲೇ ಹೇಳಿ.

ಸಾಗರದ ತೋಟದವ

ಈ ಸಲದ್ದು ಇನ್ನೂ ಅಂಗಳದಲ್ಲಿದೆ. ಒಣಗಿದ ಮೇಲೆ ತೂಗಿ, ತಕ್ಕಡಿಯ ಫೋಟೋ ಸಮೇತ ಹಾಕುತ್ತೇನೆ. ನೀವು ನಿಮ್ಮ ಮಲ್ಲಿಗೆಸರದ್ದೂ ಹಾಕಬೇಕು, ಬಳ್ಳಿ ಲೆಕ್ಕದಲ್ಲಿ.